ಸಂತ ಶ್ರೀ ತುಕಾರಾಮರು: ಬತ್ತಿದ ಹೃದಯವು ಮತ್ತೆ ಚಿಗುರಿದ ಬಗೆ

ಆಷಾಢ ಶುದ್ಧ ಏಕಾದಶಿಯು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ತಪ್ತಮುದ್ರಾಧಾರಣೆಯ, ಚಾತುರ್ಮಾಸ್ಯದ ಶಾಕವ್ರತದ ಮಾತುಗಳು ಮೊದಲಾಗುತ್ತವೆ. ಅದೇ ದಿನಗಳಲ್ಲಿ ಮಹಾರಾಷ್ಟ್ರದ ದಾರಿಗಳಲ್ಲಿ ತಾಳಮೃದಂಗಗಳ ಘೋಷದೊಡನೆ ಲಕ್ಷಾಂತರ ಜನರು ಪಂಢರಪುರದತ್ತ ಕಾಲ್ನಡಿಗೆಯಲ್ಲಿ ಸಾಗುತ್ತಿರುತ್ತಾರೆ. ಭೀಮಾತೀರದ ಆ ವಿಠಲನು ನಮಗೆ ಹೊರಗಿನವನಲ್ಲ. ನಮ್ಮ ಹರಿದಾಸರ ಅಂಕಿತಗಳಲ್ಲಿ ಎಷ್ಟೋ ಅಂಕಿತಗಳು ಅವನ ನಾಮದಿಂದಲೇ ಮುಗಿಯುತ್ತವೆ. ಆದುದರಿಂದ ಈ ಏಕಾದಶಿಯ ನಿಮಿತ್ತವಾಗಿ, ಅದೇ ವಿಠಲನ ಪಾದವನ್ನು ನಂಬಿ ಬಾಳಿದ ದೇಹುಗ್ರಾಮದ ಸಂತ ಶ್ರೀ ತುಕಾರಾಮರ ಚರಿತ್ರೆಯನ್ನು ಆಸ್ತಿಕ ಬಂಧುಗಳ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಈ ಚರಿತ್ರೆಯನ್ನು ಬರೆಯಲು ಇನ್ನೊಂದು ಕಾರಣವೂ ಉಂಟು. ಕಳೆದ ಚಾತುರ್ಮಾಸ್ಯದ ಪ್ರವಚನಮಾಲಿಕೆಯಲ್ಲಿ ಒಂದು ಸಂಜೆ, ಮಂಗಳಾರತಿಯಾಗಿ ಎಲ್ಲರೂ ಎದ್ದು ಹೋದ ಮೇಲೆ, ವಯಸ್ಸಾದ ಗೃಹಸ್ಥರೊಬ್ಬರು ಕಂಬದ ಬಳಿ ಒಬ್ಬರೇ ಕುಳಿತಿದ್ದರು. ಧರ್ಮಪತ್ನಿಯನ್ನು ಕಳೆದುಕೊಂಡು ವರ್ಷವಾಗಿತ್ತು. ಸಂಧ್ಯಾವಂದನೆ ತಪ್ಪಿಲ್ಲ, ದೇವರ ಪೂಜೆ ತಪ್ಪಿಲ್ಲ, ಆದರೆ ಕೈ ಮಾಡುವುದನ್ನು ಮನಸ್ಸು ಮಾಡುವುದಿಲ್ಲ, ದುಃಖವೂ ಇಲ್ಲ ಸುಖವೂ ಇಲ್ಲ, ಎದೆಯೊಳಗೆ ಒಣಗಿದ ಕೆರೆಯಿದ್ದಂತಿದೆ ಎಂದು ಹೇಳಿಕೊಂಡರು. ಇದು ಭಕ್ತಿಲೋಪವೇ, ದೋಷವೇ, ಎಂಬುದು ಅವರ ಸಂಶಯ. ಶಾಸ್ತ್ರವಾಕ್ಯವನ್ನು ಹೇಳಿ ಸಮಾಧಾನಪಡಿಸುವುದು ಸುಲಭವಿತ್ತು. ಆದರೆ ಅವರು ಶಾಸ್ತ್ರವನ್ನು ಬಲ್ಲವರೇ ಆಗಿದ್ದರು. ಆ ಹೊತ್ತಿನಲ್ಲಿ ನನಗೆ ನೆನಪಾದವರು ತುಕಾರಾಮರು.

ತುಕಾರಾಮರೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ವೀಣೆ ಹಿಡಿದು ನಗುಮುಖದಿಂದ ಕುಣಿಯುವ ಮೂರ್ತಿ. 1936ರ ಮರಾಠಿ ಚಲನಚಿತ್ರವೂ 1963ರಲ್ಲಿ ರಾಜಕುಮಾರರು ಅಭಿನಯಿಸಿದ ಕನ್ನಡ ಚಿತ್ರವೂ ಆ ಮೂರ್ತಿಯನ್ನು ಮನೆಮನೆಗೆ ಮುಟ್ಟಿಸಿದವು. ಅದು ಒಳ್ಳೆಯದೇ ಆಯಿತು. ಆದರೆ ಆ ನಗುವಿನ ಹಿಂದೆ ಯಾವ ರುಚಿಯೂ ಇಲ್ಲದೆ ಬದುಕಿದ ಒಂದು ಕಾಲವಿತ್ತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಕಾಲದ ವಿಷಯವನ್ನು ಅವರೇ ತಮ್ಮ ಒಂದು ದೀರ್ಘವಾದ ಅಭಂಗದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಸಂತರು ತಮ್ಮ ಪೂರ್ವಾಶ್ರಮದ ಕಥೆಯನ್ನು ತಾವೇ ಹೇಳುವುದು ಅಪರೂಪ. ಇದೊಂದು ಭಾಗ್ಯವೆಂದೇ ತಿಳಿಯಬೇಕು. ಮುಂದೆ ಮಹೀಪತಿಯೆಂಬ ಚರಿತ್ರಕಾರರು 18ನೆಯ ಶತಮಾನದಲ್ಲಿ ಭಕ್ತವಿಜಯ, ಭಕ್ತಲೀಲಾಮೃತಗಳೆಂಬ ಗ್ರಂಥಗಳಲ್ಲಿ ಪರಂಪರೆಯ ಕಥೆಗಳನ್ನೆಲ್ಲ ಸಂಗ್ರಹಿಸಿದರು. ಇಲ್ಲಿ ನಾನು ಹೇಳುವುದು ಬಹುಮಟ್ಟಿಗೆ ಈ ಎರಡು ಮೂಲಗಳಿಂದ ಬಂದುದು.

ಪುಣೆಯ ವಾಯವ್ಯಕ್ಕೆ, ಇಂದ್ರಾಯಣೀ ನದಿಯ ದಡದಲ್ಲಿ ದೇಹು ಎಂಬ ಗ್ರಾಮವಿದೆ. ಅದೇ ನದಿಯ ಕೆಳಗಣ ಭಾಗದಲ್ಲಿ, ಜ್ಞಾನೇಶ್ವರರು 1296ರಲ್ಲಿ ಸಮಾಧಿಸ್ಥರಾದ ಆಳಂದಿ ಇದೆ. ದೇಹುವಿನಲ್ಲಿ ಕುಣಬಿ ಕುಲದ ಒಂದು ಮನೆತನ. ಹೊಲ, ಅಂಗಡಿ, ಸಾಲ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ, ಪೇಟೆಯ ಮಹಾಜನಕಿಯ ಗೌರವ, ಇವೆಲ್ಲ ಇದ್ದವು. ಇವೆಲ್ಲಕ್ಕೂ ಮೇಲಾಗಿ ಮನೆಯ ಹಿರಿಯರಾದ ವಿಶ್ವಂಭರರೆಂಬವರು ಅನೇಕ ತಲೆಗಳ ಹಿಂದೆ ಸ್ಥಾಪಿಸಿದ ವಿಠಲರುಕ್ಮಿಣಿಯರ ಗುಡಿಯ ಸೇವೆಯಿತ್ತು. ಆ ಮನೆಯಲ್ಲಿ ಬೊಲ್ಹೋಬಾ ಮತ್ತು ಕನಕಾಯಿ ದಂಪತಿಗಳ ಎರಡನೆಯ ಮಗನಾಗಿ ತುಕಾರಾಮರು ಜನಿಸಿದರು. ಜನ್ಮವರ್ಷದಲ್ಲಿ ಭಿನ್ನಾಭಿಪ್ರಾಯಗಳಿವೆ, ಬಹುಜನರು ಒಪ್ಪಿದುದು 1608. ಅಣ್ಣ ಸಾವಜಿ, ತಮ್ಮ ಕಾನ್ಹೋಬಾ. ಅಣ್ಣನಿಗೆ ಚಿಕ್ಕಂದಿನಿಂದಲೂ ವಿರಕ್ತಿ. ಆದುದರಿಂದ ಅಂಗಡಿಯ ಹೊಣೆಯು ಹದಿಮೂರು ವರ್ಷದ ತುಕಾರಾಮರ ಹೆಗಲಿಗೆ ಬಂದಿತು. ಹುಡುಗ ಚುರುಕಾಗಿದ್ದ, ವ್ಯಾಪಾರ ಬೆಳೆಯಿತು. ಮೊದಲ ಪತ್ನಿ ರಖುಮಾಬಾಯಿಗೆ ಉಬ್ಬಸದ ಬೇನೆಯಿದ್ದುದರಿಂದ, ಆ ಕಾಲದ ರೂಢಿಯಂತೆ, ಪುಣೆಯ ಸಾಹುಕಾರರ ಮಗಳಾದ ಜಿಜಾಬಾಯಿಯನ್ನೂ ತಂದುಕೊಂಡರು. ಈಕೆಗೆ ಆವಲಿ ಎಂಬ ಹೆಸರೂ ಉಂಟು.

ಹದಿನೇಳನೆಯ ವಯಸ್ಸಿನಿಂದ ಹೊಡೆತಗಳು ಆರಂಭವಾದವು. ತಂದೆತಾಯಿಗಳಿಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅತ್ತಿಗೆಯೂ ತೀರಿಕೊಂಡಳು. ಅಣ್ಣ ಸಾವಜಿಯು ತೀರ್ಥಯಾತ್ರೆಗೆಂದು ಹೊರಟವನು ಮನೆಗೆ ಹಿಂದಿರುಗಲಿಲ್ಲ. ಆದರೂ ತುಕಾರಾಮರು ವ್ಯವಹಾರವನ್ನು ಬಿಡಲಿಲ್ಲ. ಲೋಕದಲ್ಲಿ ಒಂದು ಮಾತಿದೆ, ಒಂದು ಏಟಿಗೆ ಮರ ಬೀಳುವುದಿಲ್ಲವೆಂದು. ಬೀಳಿಸುವ ಏಟು 1630ರಲ್ಲಿ ಬಂದಿತು.

ಆ ವರ್ಷ ಮಳೆ ಬಾರದೆ ದಖ್ಖಣ ಮತ್ತು ಗುಜರಾತಗಳಲ್ಲಿ ಘೋರವಾದ ಕ್ಷಾಮವು ಕವಿಯಿತು. ಎರಡು ಮೂರು ವರ್ಷ ಅದು ಬಿಡಲಿಲ್ಲ. ಅದೇ ಸುಮಾರಿನಲ್ಲಿ ವಿಜಾಪುರದ ಆದಿಲಶಾಹಿ ಸೈನ್ಯವು ಪುಣೆಯನ್ನು ಸುಟ್ಟು ಹಾಳುಗೆಡವಿತು. ಜನರು ಊರು ಬಿಟ್ಟರು, ದನಕರುಗಳು ನಿಂತಲ್ಲಿಯೇ ಸತ್ತವು. ಧಾನ್ಯದ ವ್ಯಾಪಾರಿಯ ಮನೆಯಲ್ಲಿಯೇ ಧಾನ್ಯವಿಲ್ಲವಾಯಿತು. ಸಾಲ ಪಡೆದವರು ತೀರಿಸಲಾರರು, ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಲ್ಲುವರು. ಅಂಗಡಿ ದಿವಾಳಿಯಾಯಿತು. ರಖುಮಾಬಾಯಿಯು ಅನ್ನ ಅನ್ನ ಎನ್ನುತ್ತ ಪ್ರಾಣ ಬಿಟ್ಟಳು. ಇದು ಯಾವ ಚರಿತ್ರಕಾರನ ಅತಿಶಯೋಕ್ತಿಯೂ ಅಲ್ಲ, ಗಂಡನಾದವರು ತಾವೇ ಬರೆದಿಟ್ಟ ಸಂಗತಿ. ಅವಳ ಹಿಂದೆಯೇ ಸಂತೂ ಎಂಬ ಚಿಕ್ಕ ಮಗನೂ ಹೋದನು. ತುಕಾರಾಮರಿಗೆ ಆಗ ಇಪ್ಪತ್ತೆರಡು ವರ್ಷದ ಆಸುಪಾಸು.

ಕ್ಷಾಮದಲ್ಲಿ ಸಾವಿರಾರು ಜನ ಹೆಂಡತಿ ಮಕ್ಕಳನ್ನು ಕಳೆದುಕೊಂಡರು. ಅವರಲ್ಲಿ ತುಕಾರಾಮರೂ ಒಬ್ಬರು, ಅಷ್ಟೇ. ಆದರೆ ಆ ಅಭಂಗದಲ್ಲಿ ದುಃಖಕ್ಕಿಂತ ಮುಂಚೆ ಬರುವ ಮಾತು ನಾಚಿಕೆಯದು. ಹಣ ಹೋಯಿತು, ಹಣದೊಡನೆ ಮಾನವೂ ಹೋಯಿತು ಎಂಬುದು ಅವರ ಅಳಲು. ಊರಿನ ಮಹಾಜನ ಎನಿಸಿಕೊಂಡವನು, ಮನೆಯ ಹೆಣ್ಣಿಗೆ ಒಂದು ತುತ್ತು ಒದಗಿಸಲಾರದೆ ಹೋದೆನೆಂಬ ಲಜ್ಜೆ. ದುಃಖವನ್ನು ನಾಲ್ವರೊಡನೆ ಹಂಚಿಕೊಳ್ಳಬಹುದು. ಲಜ್ಜೆಯು ಬಾಯಿಯನ್ನೇ ಕಟ್ಟಿಬಿಡುತ್ತದೆ. ಅದರ ನಂತರ ಅವರಿಗೆ ಯಾವುದರಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಮತ್ತೆ ವ್ಯಾಪಾರಕ್ಕೆ ಹೊರಟರು, ಕೈಗೂಡಲಿಲ್ಲ. ಜಿಜಾಬಾಯಿಯು ತನ್ನ ಹೆಸರಿನಲ್ಲಿ ಇನ್ನೂರು ರೂಪಾಯಿ ಸಾಲವೆತ್ತಿ ಬಂಡವಾಳ ಒದಗಿಸಿದಳೆಂದೂ, ಉಪ್ಪಿನ ವ್ಯಾಪಾರದಲ್ಲಿ ಬಂದ ಹಣವನ್ನೆಲ್ಲ ತುಕಾರಾಮರು ದಾರಿಯಲ್ಲಿ ಸಾಲಗಾರರ ಕೈಗೆ ಸಿಕ್ಕಿದ್ದ ಬಡವನೊಬ್ಬನಿಗೆ ಕೊಟ್ಟು ಬರಿಗೈಯಲ್ಲಿ ಬಂದರೆಂದೂ ಕಥೆಯಿದೆ. ನಾವು ಇದನ್ನು ಔದಾರ್ಯವೆಂದು ಕೊಂಡಾಡುತ್ತೇವೆ. ಔದಾರ್ಯವೇ ಸರಿ. ಆದರೆ ಲಾಭನಷ್ಟಗಳೆರಡೂ ಒಂದೇ ಎನಿಸಿಹೋದವನ ಲಕ್ಷಣವೂ ಅದರಲ್ಲಿ ಬೆರೆತಿದೆಯೆಂದು ನನಗೆ ತೋರುತ್ತದೆ. ವೈರಾಗ್ಯವೂ ಜಡತ್ವವೂ ಹೊರಗಿನಿಂದ ನೋಡುವವರಿಗೆ ಬಹಳ ಕಾಲ ಒಂದೇ ತೆರನಾಗಿ ಕಾಣುತ್ತವೆ.

ಈ ಸಂದರ್ಭದಲ್ಲಿ ಜಿಜಾಬಾಯಿಯ ವಿಷಯವಾಗಿ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಾಟಕಗಳಲ್ಲಿ, ಹರಿಕಥೆಗಳಲ್ಲಿ ಆಕೆಯನ್ನು ಗಯ್ಯಾಳಿಯೆಂದು ಚಿತ್ರಿಸಿ ಜನರನ್ನು ನಗಿಸುವ ರೂಢಿಯಿದೆ. ಬಯ್ಯುತ್ತಿದ್ದಳೆಂಬುದು ನಿಜವಿರಬಹುದು. ಆದರೆ ಗಂಡ ಬೆಟ್ಟದ ಮೇಲೆ ಕುಳಿತ ದಿನಗಳಲ್ಲಿ ಒಲೆ ಹೊತ್ತಿಸಿದವಳು, ರೊಟ್ಟಿಯ ಗಂಟು ಹೊತ್ತು ಬಿಸಿಲಲ್ಲಿ ಬೆಟ್ಟವೇರಿ ಹೋಗಿ, ಅವರಿಗೆ ಉಣಬಡಿಸದೆ ತಾನು ಉಣ್ಣದೆ ಇದ್ದವಳು ಆಕೆಯೇ. ಹಾಗೆ ಹೋಗುತ್ತಿದ್ದಾಗ ಕಾಲಿಗೆ ಮುಳ್ಳು ನೆಟ್ಟು ಬಿದ್ದವಳನ್ನು ವಿಠಲನೇ ಬಂದು ಎತ್ತಿ ಮುಳ್ಳು ತೆಗೆದನೆಂದು ಪರಂಪರೆ ಹೇಳುತ್ತದೆ. ಮನಸ್ಸು ಕುಸಿದ ಒಬ್ಬನು ಮನೆಯಲ್ಲಿದ್ದರೆ ಅವನ ಪಾಲಿನ ಕೆಲಸವನ್ನು ಇನ್ನೊಬ್ಬರು ಹೊರಬೇಕಾಗುತ್ತದೆ. ಹೊತ್ತವರು ಆಗಾಗ ಗೊಣಗುವರು. ಆ ಗೊಣಗನ್ನು ಮಾತ್ರ ನೆನಪಿಟ್ಟುಕೊಂಡು ಹೊರೆಯನ್ನು ಮರೆಯುವುದು ನ್ಯಾಯವಲ್ಲ.

ಕೊನೆಗೊಂದು ದಿನ ತುಕಾರಾಮರು ಯಾರಿಗೂ ಹೇಳದೆ ಮನೆ ಬಿಟ್ಟು, ದೇಹುವಿನಿಂದ ಕೆಲವು ಹರದಾರಿ ದೂರದ ಭಾಮಚಂದ್ರ ಬೆಟ್ಟಕ್ಕೆ ಹೋಗಿ ಕುಳಿತರು. ಹದಿನೈದು ದಿನ ಅಲ್ಲಿದ್ದರೆನ್ನುತ್ತಾರೆ. ತಮ್ಮ ಕಾನ್ಹೋಬಾ ಕಾಡುಮೇಡು ಹುಡುಕಿ, ಅಣ್ಣನನ್ನು ಕಂಡು, ಕರೆತಂದನು. ಇಬ್ಬರೂ ನೇರವಾಗಿ ಮನೆಗೆ ಹೋಗಲಿಲ್ಲ. ಇಂದ್ರಾಯಣಿಯ ದಡಕ್ಕೆ ಬಂದರು. ಮನೆಯಲ್ಲಿದ್ದ ಸಾಲಪತ್ರಗಳ ಕಟ್ಟನ್ನು ತುಕಾರಾಮರು ತರಿಸಿದರು. ಕ್ಷಾಮದ ಮುನ್ನ ತಂದೆಯ ಕಾಲದಿಂದ ಜನರು ಬರೆದುಕೊಟ್ಟಿದ್ದ ಪತ್ರಗಳು ಅವು. ಅವನ್ನು ಎರಡು ಪಾಲು ಮಾಡಿ, ತಮ್ಮನ ಪಾಲನ್ನು ತಮ್ಮನಿಗೆ ಕೊಟ್ಟು, ತಮ್ಮ ಪಾಲನ್ನು ನೀರಿಗೆ ಹಾಕಿದರು. ತಮ್ಮನ ಪಾಲನ್ನು ಮುಟ್ಟಲಿಲ್ಲವೆಂಬುದನ್ನು ಗಮನಿಸಬೇಕು. ತಮ್ಮ ವೈರಾಗ್ಯಕ್ಕೆ ಇನ್ನೊಬ್ಬರ ಸಂಸಾರವನ್ನು ಬೆಲೆಯಾಗಿ ತೆರುವ ಬುದ್ಧಿ ಅವರಿಗಿರಲಿಲ್ಲ.

ಇಲ್ಲಿ ನಮ್ಮ ಪುರಂದರದಾಸರ ನೆನಪು ಸಹಜವಾಗಿ ಬರುತ್ತದೆ. ಅವರೂ ವರ್ತಕರೇ, ಅವರೂ ವಿಠಲನಿಗೆ ಒಲಿದವರೇ. ಆದರೆ ಪರಂಪರೆಯ ಪ್ರಕಾರ ಶ್ರೀನಿವಾಸನಾಯಕರು ತ್ಯಜಿಸಿದುದು ತುಂಬಿದ ಭಂಡಾರವನ್ನು. ಮೂಗುತಿಯ ಪ್ರಸಂಗದಿಂದ ಒಂದೇ ದಿನದಲ್ಲಿ ಕಣ್ಣು ತೆರೆದು ಹೊರಟರು. ತುಕಾರಾಮರಿಗೆ ತ್ಯಜಿಸಲು ಉಳಿದಿದ್ದುದು ಬಾರದ ಸಾಲಗಳ ಕಾಗದ ಮಾತ್ರ. ಒಬ್ಬರಿಗೆ ಮಿಂಚಿನಂತೆ ಬಂದುದು ಇನ್ನೊಬ್ಬರಿಗೆ ವರ್ಷಗಳ ಕಾಲ ತೊಟ್ಟಿಕ್ಕುತ್ತ ಬಂದಿತು. ನಮ್ಮಂಥವರಿಗೆ ಎರಡನೆಯ ದಾರಿಯೇ ಹೆಚ್ಚು ಪರಿಚಿತವೆಂದು ತೋರುತ್ತದೆ.

ಕಾಗದವು ನೀರಿನಲ್ಲಿ ಹೋದೊಡನೆ ಮನಸ್ಸು ಅರಳಿತೆಂದು ಯಾರೂ ತಿಳಿಯಬಾರದು. ಹಾಗಾಗಲಿಲ್ಲ. ಆಮೇಲೆ ಅವರು ಮಾಡಿದ ಮೊದಲ ಕೆಲಸ ಜಪವೂ ಅಲ್ಲ, ತಪಸ್ಸೂ ಅಲ್ಲ. ಹಿರಿಯರು ಕಟ್ಟಿಸಿದ ವಿಠಲನ ಗುಡಿ ಜೀರ್ಣವಾಗಿ ಕುಸಿದಿತ್ತು. ಅದನ್ನು ಸರಿಮಾಡಬೇಕೆಂದು ತಮ್ಮ ಚಿತ್ತಕ್ಕೆ ತೋರಿತೆಂದು ಅಭಂಗದಲ್ಲಿ ಹೇಳುತ್ತಾರೆ. ಕೂಲಿಗೆ ಹಣವೆಲ್ಲಿಯದು? ತಾವೇ ಕಲ್ಲು ಹೊತ್ತರು, ಮಣ್ಣು ಕಲಸಿದರು, ಗೋಡೆ ಎತ್ತಿದರು. ದಿನವೆಲ್ಲ ಮೈ ಮುರಿದು ದುಡಿದವನಿಗೆ ರಾತ್ರಿ ನಿದ್ರೆಯಾದರೂ ಬರುತ್ತದೆ. ಇಂದು ಎರಡು ಮೊಳ ಗೋಡೆಯೆದ್ದರೆ ನಾಳೆಯೂ ಅದು ಅಲ್ಲಿಯೇ ಇರುತ್ತದೆ. ಎಲ್ಲವೂ ಕೈಯಿಂದ ಜಾರಿಹೋದುದನ್ನು ಕಂಡವನಿಗೆ ಇದು ಸಣ್ಣ ಮಾತಲ್ಲ. ಸತ್ತ ಮಗನು ಎದ್ದು ಬರುವುದಿಲ್ಲ, ಆದರೆ ಬಿದ್ದ ಗೋಡೆ ಎದ್ದು ನಿಲ್ಲುತ್ತದೆ. ಮನಸ್ಸು ಸರಿಯಾದ ಮೇಲೆ ಗುಡಿ ಕಟ್ಟುತ್ತೇನೆಂದು ಅವರು ಕುಳಿತಿದ್ದರೆ, ಎರಡೂ ಆಗುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಮೇಲೆ ಹೇಳಿದ ಗೃಹಸ್ಥರಿಗೆ ಅಂದು ನಾನು ಹೇಳಿದುದು ಇಷ್ಟೇ ಕಥೆ, ಈ ಗೋಡೆಯವರೆಗೆ. ಉಳಿದುದನ್ನು ಹೇಳಲು ಹೊತ್ತಾಗಿತ್ತು. ಈಗ ಅವರು ದೇವಸ್ಥಾನದ ಹಿತ್ತಲಿನ ತುಲಸೀವನಕ್ಕೆ ಬೆಳಿಗ್ಗೆ ನೀರು ಹಾಕಲು ಬರುತ್ತಾರೆ. ಮನಸ್ಸು ಹೇಗಿದೆಯೆಂದು ನಾನು ಕೇಳಿಲ್ಲ.

ಗುಡಿಗೆ ಒಂದು ರೂಪು ಬಂದ ಮೇಲೆ ಏಕಾದಶಿಗಳಂದು ಕೀರ್ತನೆ ನಡೆಯತೊಡಗಿತು. ಇಲ್ಲಿ ತುಕಾರಾಮರು ಒಂದು ಅಪೂರ್ವವಾದ ಸತ್ಯವನ್ನು ಒಪ್ಪಿಕೊಳ್ಳುತ್ತಾರೆ. ಮೊದಮೊದಲು ತಮ್ಮ ಚಿತ್ತಕ್ಕೆ ಅಭ್ಯಾಸವಿರಲಿಲ್ಲ, ಅದು ನಿಲ್ಲುತ್ತಿರಲಿಲ್ಲ ಎಂಬುದೇ ಆ ಸತ್ಯ. ಇಂದು ಕೋಟ್ಯಂತರ ಜನರ ಚಿತ್ತವನ್ನು ನಿಲ್ಲಿಸುವ ಅಭಂಗಗಳನ್ನು ರಚಿಸಿದವರ ಚಿತ್ತವೇ ಒಮ್ಮೆ ಭಜನೆಯಲ್ಲಿ ನಿಲ್ಲುತ್ತಿರಲಿಲ್ಲ! ಆದುದರಿಂದ ಅವರೇನು ಮಾಡಿದರು? ಮುಂದೆ ನಿಂತು ಹಾಡುವ ಯೋಗ್ಯತೆ ತಮಗಿಲ್ಲವೆಂದು, ಹಾಡುವವರ ಹಿಂದೆ ನಿಂತು ಪಲ್ಲವಿಯನ್ನು ಮಾತ್ರ ಹಿಡಿದು ಹೇಳಿದರು. ಜ್ಞಾನೇಶ್ವರಿಯನ್ನೂ, ಏಕನಾಥರ ಭಾಗವತವನ್ನೂ, ನಾಮದೇವರ ಮತ್ತು ಕಬೀರರ ಪದಗಳನ್ನೂ ಕೇಳಿ, ಓದಿ, ವಿಶ್ವಾಸದಿಂದಲೂ ಆದರದಿಂದಲೂ ಕಂಠಸ್ಥ ಮಾಡಿದರು. ಭಂಡಾರಾ ಬೆಟ್ಟದ ಏಕಾಂತದಲ್ಲಿ ಇದೇ ಪಾರಾಯಣ. ಸ್ವಂತ ಮಾತು ಒಂದೂ ಇಲ್ಲ. ತನ್ನೆದೆಯ ಬಾವಿ ಬತ್ತಿದಾಗ ನೆರೆಮನೆಯ ಬಾವಿಯಿಂದ ನೀರು ತರುವಂತೆ, ಹಿರಿಯರ ಮಾತುಗಳನ್ನು ಹೊತ್ತು ತಂದು ಕುಡಿದರು.

ನಮ್ಮಲ್ಲಿಯೂ ಭಜನಾಮಂಡಳಿಯ ತಾಯಂದಿರು ಇದನ್ನು ಬಲ್ಲರು. ಮುಂದಿನ ಸಾಲಿನವರು ಹೇಳಿದುದನ್ನು ಹಿಂದಿನ ಸಾಲಿನವರು ಹೇಳುತ್ತ ಹೋಗುತ್ತಾರೆ. ಮನಸ್ಸು ಮನೆಯಲ್ಲಿರುವ ಹಾಲಿನ ಮೇಲೆ, ಮಗಳ ಮದುವೆಯ ಮೇಲೆ ಇರುತ್ತದೆ. ಆದರೂ ನಾಲಿಗೆ ನಾಮವನ್ನು ಬಿಡುವುದಿಲ್ಲ. ಇದು ಯಾಂತ್ರಿಕವೆಂದು ಹಳಿಯುವವರಿದ್ದಾರೆ. ತುಕಾರಾಮರ ವಿಷಯದಲ್ಲಿ ನಾಲಿಗೆಯೇ ಮುಂದೆ ನಡೆದು ಮನಸ್ಸನ್ನು ಹಿಂದೆ ಕರೆದುಕೊಂಡು ಬಂದಿತು.

ಇದರೊಡನೆ ಅವರು ಇನ್ನೆರಡು ಸಂಗತಿಗಳನ್ನು ಹೇಳುತ್ತಾರೆ. ದೇಹವನ್ನು ದಂಡಿಸಿ ಕೈಲಾದ ಉಪಕಾರವನ್ನು ಪರರಿಗೆ ಮಾಡಿದರಂತೆ. ಯಾತ್ರಿಕರ ಹೊರೆಯನ್ನು ಹೊರುವುದು, ವೃದ್ಧರಿಗೆ ಪೇಟೆಯಿಂದ ಸಾಮಾನು ತಂದುಕೊಡುವುದು ಮೊದಲಾದ ಕಥೆಗಳು ಇದರಿಂದಲೇ ಹುಟ್ಟಿವೆ. ಮತ್ತೊಂದು, ಸತ್ಯಾಸತ್ಯಗಳ ವಿಷಯದಲ್ಲಿ ತಮ್ಮ ಮನಸ್ಸನ್ನೇ ಸಾಕ್ಷಿ ಮಾಡಿಕೊಂಡು, ಬಹುಜನರ ಮಾತಿಗೆ ಬೆಲೆ ಕೊಡಲಿಲ್ಲವಂತೆ. ಹಿಂದೆ ಬಾಯಿ ಕಟ್ಟಿದ್ದ ಲಜ್ಜೆಯು ಎಲ್ಲಿ ಬಿಟ್ಟಿತೆಂಬುದು ಈ ಮಾತಿನಿಂದ ತಿಳಿಯುತ್ತದೆ. ಊರವರು ಏನೆನ್ನುವರೆಂಬ ಭಯದಿಂದ ಕುಗ್ಗಿದವರು ಊರವರ ಎಣಿಕೆಯನ್ನೇ ಬಿಟ್ಟರು.

ಹೀಗಿರುವಾಗ ಒಂದು ಮಾಘ ಶುದ್ಧ ದಶಮಿ, ಗುರುವಾರದಂದು, ಸ್ವಪ್ನದಲ್ಲಿ ಬಾಬಾಜಿ ಚೈತನ್ಯರೆಂಬ ಗುರುಗಳು ಕಾಣಿಸಿಕೊಂಡರು. ತಲೆಯ ಮೇಲೆ ಕೈಯಿಟ್ಟು ರಾಮ ಕೃಷ್ಣ ಹರಿ ಎಂಬ ಮಂತ್ರವನ್ನು ಉಪದೇಶಿಸಿದರು. ಭೋಜನಕ್ಕೆ ಪಾವುಸೇರು ತುಪ್ಪವನ್ನು ಕೇಳಿದರಂತೆ. ಸ್ವಪ್ನದಲ್ಲಿ ಅದನ್ನು ಕೊಡುವುದು ಮರೆತುಹೋಯಿತಂತೆ. ಆ ತುಪ್ಪ ಕೊಡಲಾಗದೆ ಹೋದ ಕೊರಗನ್ನೂ ತುಕಾರಾಮರು ಬಿಡದೆ ದಾಖಲೆ ಮಾಡಿದ್ದಾರೆ. ಇನ್ನೊಮ್ಮೆ ನಾಮದೇವರು ವಿಠಲನೊಡನೆ ಸ್ವಪ್ನಕ್ಕೆ ಬಂದು, ತಾವು ಉಳಿಸಿಹೋದ ಕವಿತೆಯ ಕಾರ್ಯವನ್ನು ಪೂರ್ತಿಮಾಡೆಂದು ಆಜ್ಞಾಪಿಸಿದರು. ಅಂದಿನಿಂದ ತುಕಾರಾಮರ ಬಾಯಲ್ಲಿ ಸ್ವಂತ ಅಭಂಗಗಳು ಹೊರಡತೊಡಗಿದವು. ಅವರ ಹೆಸರಿನಲ್ಲಿ ಇಂದು ಉಪಲಬ್ಧವಿರುವ ಅಭಂಗಗಳು ನಾಲ್ಕೂವರೆ ಸಾವಿರದಷ್ಟಿವೆ. ಅವುಗಳಲ್ಲಿ ಆನಂದದವು ಎಷ್ಟಿವೆಯೋ ಜಗಳದವೂ ಅಷ್ಟಿವೆ. ಹಗಲಿರುಳೂ ತಮ್ಮೊಳಗೆ ಮನಸ್ಸಿನೊಡನೆ ಯುದ್ಧ ನಡೆದಿದೆಯೆಂದು ಹೇಳಿಕೊಂಡವರು ಅವರು. ತಮಗೆ ಅದ್ವೈತದಲ್ಲಿ ಸಮಾಧಾನವಿಲ್ಲ, ಸ್ವಾಮಿಯ ಚರಣಸೇವೆಯೇ ಸವಿ ಎಂಬರ್ಥದ ಅಭಂಗವೂ ಇದೆ. ನಮ್ಮವರಿಗೆ ಇದು ಪ್ರಿಯವಾದೀತು; ಆದರೆ ಬೇರೆ ರೀತಿಯ ಮಾತುಗಳೂ ಅವರಲ್ಲಿ ಇರುವುದರಿಂದ ಅವರನ್ನು ನಮ್ಮ ಸಿದ್ಧಾಂತದವರೆಂದು ಸಾಧಿಸಹೊರಡುವುದು ಸಲ್ಲದು.

ಕಥೆ ಇಲ್ಲಿಗೇ ಮುಗಿದಿದ್ದರೆ ಪುರಾಣದಂತೆ ಸುಖಾಂತವಾಗುತ್ತಿತ್ತು. ಆದರೆ ಇನ್ನೊಂದು ದೊಡ್ಡ ಏಟು ಕಾದಿತ್ತು. ವಾಘೋಲಿಯ ರಾಮೇಶ್ವರ ಭಟ್ಟರೆಂಬ ವಿದ್ವಾಂಸರಿಗೆ, ಶೂದ್ರನೊಬ್ಬನು ಪ್ರಾಕೃತದಲ್ಲಿ ವೇದಾರ್ಥವನ್ನು ಹೇಳುತ್ತಾನೆ, ಬ್ರಾಹ್ಮಣರೂ ಹೋಗಿ ಅವನಿಗೆ ನಮಸ್ಕರಿಸುತ್ತಾರೆ ಎಂಬ ಸುದ್ದಿ ಸಹಿಸದಾಯಿತು. ಕವಿತೆಯನ್ನು ನಿಲ್ಲಿಸಬೇಕು, ಬರೆದುದನ್ನು ನದಿಗೆ ಹಾಕಬೇಕೆಂದು ನಿರ್ಬಂಧವಾಯಿತು. ವಿದ್ಯೆಯಿದ್ದವರಿಂದಲೇ ಇಂಥ ಕೃತ್ಯ ನಡೆಯಿತೆಂಬುದನ್ನು ನಾವು ಮರೆಮಾಚುವುದು ಸರಿಯಲ್ಲ. ತುಕಾರಾಮರು ವಾದಿಸಲಿಲ್ಲ. ಹಿಂದೊಮ್ಮೆ ಸಾಲಪತ್ರಗಳನ್ನು ಹಾಕಿದ್ದ ಅದೇ ಇಂದ್ರಾಯಣಿಯಲ್ಲಿ, ಅಭಂಗಗಳ ವಹಿಗಳಿಗೆ ಕಲ್ಲು ಕಟ್ಟಿ ಮುಳುಗಿಸಿದರು. ಮೊದಲ ಸಲ ಜನ ಹೊಗಳಿದ್ದರು. ಈ ಸಲ ನಕ್ಕರು. ಅಂದು ಸಂಸಾರವನ್ನು ಮುಳುಗಿಸಿದ, ಇಂದು ಪರಮಾರ್ಥವನ್ನೂ ಮುಳುಗಿಸಿದನೆಂದು ಆಡಿಕೊಂಡರು.

ಆಗ ತಮ್ಮ ಮನಸ್ಸು ನೊಂದಿತೆಂದು ಅವರೇ ಬರೆದಿದ್ದಾರೆ. ಆದರೆ ಈ ಸಲದ ನೋವು ಕ್ಷಾಮಕಾಲದ ನೋವಿನಂತಲ್ಲ. ಅಂದು ಮೂಕರಾಗಿ ಬೆಟ್ಟಕ್ಕೆ ಓಡಿಹೋದವರು ಇಂದು ಓಡಲಿಲ್ಲ. ತಾವೇ ಮಣ್ಣು ಮೆತ್ತಿ ನಿಲ್ಲಿಸಿದ ಗುಡಿಯ ಬಾಗಿಲಿನೆದುರು, ಒಂದು ಶಿಲೆಯ ಮೇಲೆ, ಅನ್ನನೀರು ಬಿಟ್ಟು ವಿಠಲನಿಗೆ ಎದುರಾಗಿ ಕುಳಿತರು. ಸಾಲ ವಸೂಲಿಗೆ ಬಂದವನು ಬಾಗಿಲಲ್ಲಿ ಧರಣಿ ಕೂಡುವಂತೆ ಕುಳಿತರು. ವ್ಯಾಪಾರಿಯ ಬುದ್ಧಿ ಹೋದೀತೇ! ಆ ದಿನಗಳವೆಂದು ಹೇಳಲಾಗುವ ಅಭಂಗಗಳು ದೇವರ ಮೇಲಿನ ದೂರುಗಳಿಂದ ತುಂಬಿವೆ. ನಿನ್ನನ್ನು ನಂಬಿದವನಿಗೆ ಈ ಗತಿಯಾದರೆ ನಿನ್ನ ಹೆಸರಿಗೇ ಕುಂದು ಎಂಬ ಧಾಟಿಯವು. ದೂರಲು ಒಬ್ಬನು ಸಿಕ್ಕಿದ್ದನು, ದೂರಲು ಮಾತು ಸಿಕ್ಕಿತ್ತು. ಹತ್ತು ವರ್ಷಗಳ ಹಿಂದೆ ರಖುಮಾಬಾಯಿಯ ಶವದೆದುರು ಈ ಎರಡೂ ಇರಲಿಲ್ಲ.

ಹದಿಮೂರು ದಿನಗಳು ಕಳೆದವು. ವಹಿಗಳು ಒದ್ದೆಯಾಗದೆ ನೀರಿನ ಮೇಲೆ ತೇಲಿಬಂದವೆಂದು ಭಕ್ತಪರಂಪರೆಯು ನಂಬುತ್ತದೆ. ನಾರಾಯಣನು ತಮ್ಮನ್ನು ಸಮಾಧಾನಪಡಿಸಿದನೆಂದು ತುಕಾರಾಮರು ಹೇಳುತ್ತಾರೆ. ಅವರು ಕುಳಿತ ಶಿಲೆಗೆ ದೇಹುವಿನಲ್ಲಿ ಈಗ ಮಂದಿರವಿದೆ. ಅತ್ತ ರಾಮೇಶ್ವರ ಭಟ್ಟರಿಗೆ ಮೈಯೆಲ್ಲ ಉರಿಯುವ ಬಾಧೆ ಹತ್ತಿ, ಯಾವ ಉಪಾಯದಿಂದಲೂ ಶಮನವಾಗದೆ, ತುಕಾರಾಮರ ಅನುಗ್ರಹದಿಂದ ತಣಿಯಿತೆಂಬುದು ಕಥೆ. ಅವರು ದೇಹುವಿಗೆ ಬಂದು ಶಿಷ್ಯರಾದರು, ತುಕಾರಾಮರ ಆರತಿಯ ಪದವನ್ನೂ ರಚಿಸಿದರು. ಮಹಾರಾಷ್ಟ್ರದಲ್ಲಿ ಇಂದಿಗೂ ಅದನ್ನು ಹಾಡುತ್ತಾರೆ. ತಪ್ಪನ್ನು ಒಪ್ಪಿ ತಲೆಬಾಗುವುದು ಪಂಡಿತರಿಗೆ ಎಷ್ಟು ಕಷ್ಟವೆಂದು ಬಲ್ಲವರು ರಾಮೇಶ್ವರ ಭಟ್ಟರಿಗೂ ಒಂದು ನಮಸ್ಕಾರ ಮಾಡಬೇಕು.

ಮುಂದಿನ ವರ್ಷಗಳ ವಿಷಯ ಎಲ್ಲರೂ ಬಲ್ಲದ್ದೇ. ಚಾಕಣದ ಗಾಣಿಗರಾದ ಸಂತಾಜಿ ಜಗನಾಡೆಯವರು ಅಭಂಗಗಳನ್ನು ಬರೆದಿಡುತ್ತಿದ್ದರು. ಯುವಕನಾದ ಶಿವಾಜಿಯು ಕಳುಹಿಸಿದ ಕಾಣಿಕೆಗಳನ್ನು ತುಕಾರಾಮರು ಹಿಂದಿರುಗಿಸಿದರೆಂಬ ಪ್ರಸಿದ್ಧಿಯಿದೆ. ಇವಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಹಿಡಿಯುವುದು ಬಹಿಣಾಬಾಯಿಯ ಪ್ರಸಂಗ. 1628ರಲ್ಲಿ ಹುಟ್ಟಿದ ಈ ಬ್ರಾಹ್ಮಣ ಸ್ತ್ರೀಯು ಎಳೆಯ ವಯಸ್ಸಿನಲ್ಲಿ ಕೊಲ್ಹಾಪುರದಲ್ಲಿ ಗಂಡನೊಡನೆ ಇದ್ದಳು. ತನ್ನನ್ನು ಬಿಟ್ಟಗಲದ ಒಂದು ಕರುವಿನ ಮೇಲೆ ಆಕೆಗೆ ಪ್ರಾಣ. ಕೀರ್ತನೆಗೂ ಅದು ಹಿಂದೆ ಬರುತ್ತಿತ್ತು. ಆ ಕರು ಸತ್ತಿತು. ಬಹಿಣಾಬಾಯಿಯು ನೆಲಕ್ಕೆ ಬಿದ್ದವಳು ದಿನಗಟ್ಟಲೆ ಏಳಲಿಲ್ಲ. ಲೋಕದ ದೃಷ್ಟಿಯಲ್ಲಿ ಒಂದು ಕರುವಿನ ಸಾವು ಎಷ್ಟರದು! ಆದರೆ ಮನಸ್ಸು ಯಾವ ಕಲ್ಲಿಗೆ ಎಡವಿ ಬೀಳುವುದೆಂದು ಲೋಕವು ಗೊತ್ತುಮಾಡುವುದಿಲ್ಲ. ಆ ಸ್ಥಿತಿಯಲ್ಲಿ, ತಾನೆಂದೂ ಕಾಣದ ತುಕಾರಾಮರು ಸ್ವಪ್ನದಲ್ಲಿ ಬಂದು ಮಂತ್ರವಿತ್ತು ಎಬ್ಬಿಸಿದರೆಂದು ಆಕೆಯೇ ತನ್ನ ಆತ್ಮಕಥನದ ಪದಗಳಲ್ಲಿ ಹೇಳಿದ್ದಾಳೆ. ಗಂಡನು ಕೋಪಿಸಿ ಹೊಡೆದನು. ಕೊನೆಗೆ ಅವನೂ ಮನಸ್ಸು ತಿರುಗಿ ಇಬ್ಬರೂ ದೇಹುವಿಗೆ ಬಂದು ನೆಲೆಸಿದರು. ತುಕಾರಾಮರನ್ನು ಕಣ್ಣಾರೆ ಕಂಡು ಬರೆದವಳು ಈಕೆ. ಹದಿಮೂರು ದಿನಗಳ ಪ್ರಸಂಗದ ಉಲ್ಲೇಖವೂ ಈಕೆಯ ಪದಗಳಲ್ಲಿದೆ.

1649–50ರ ಫಾಲ್ಗುಣ ಬಹುಳ ಬಿದಿಗೆಯಂದು ತುಕಾರಾಮರು ಅದೃಶ್ಯರಾದರು; ಸಶರೀರರಾಗಿ ವೈಕುಂಠಕ್ಕೆ ತೆರಳಿದರೆಂದು ಭಕ್ತರು ಭಾವಿಸುತ್ತಾರೆ. ವಯಸ್ಸು ನಲವತ್ತೆರಡರ ಸುಮಾರು. ಜಿಜಾಬಾಯಿಯು ಆಗ ಗರ್ಭಿಣಿಯಾಗಿದ್ದಳು. ಆಮೇಲೆ ಹುಟ್ಟಿದ ಮಗ ನಾರಾಯಣನಿಗೆ ತಂದೆಯ ಮುಖದ ಪರಿಚಯವೇ ಇಲ್ಲ. ಆ ನಾರಾಯಣನೇ ಬೆಳೆದು, 1685ರಲ್ಲಿ, ತಂದೆಯ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿರಿಸಿ ದೇಹುವಿನಿಂದ ಆಳಂದಿಗೆ ಹೋಗಿ, ಜ್ಞಾನೇಶ್ವರರ ಪಾದುಕೆಗಳನ್ನೂ ಕೂಡಿಸಿಕೊಂಡು ಪಂಢರಪುರಕ್ಕೆ ನಡೆದನು. ಮುಂದೆ ಎರಡು ಪಲ್ಲಕ್ಕಿಗಳೂ ಬೇರೆಬೇರೆಯಾದವು. ದೇಹುವಿನ ಪಲ್ಲಕ್ಕಿಯು ಇಂದಿಗೂ ಜ್ಯೇಷ್ಠ ಬಹುಳ ಸಪ್ತಮಿಯಂದು ಹೊರಡುತ್ತದೆ. ಅದರ ಹಿಂದುಮುಂದೆ ದಿಂಡಿಗಳೆಂಬ ಗುಂಪುಗಳು ಸಾಲಾಗಿ ನಡೆಯುತ್ತವೆ. ಮುಂದಿರುವವರು ಒಂದು ಚರಣವನ್ನು ಹೇಳುತ್ತಾರೆ. ಹಿಂದಿರುವವರು, ಅಭಂಗವು ಪೂರ್ತಿ ಬಾರದವರೂ ಸಹ, ಪಲ್ಲವಿಯನ್ನು ಹಿಡಿದು ಹೇಳುತ್ತ ಮಳೆಯಲ್ಲಿ ನೆನೆಯುತ್ತ ಹೋಗುತ್ತಾರೆ.

॥ ಶ್ರೀಕೃಷ್ಣಾರ್ಪಣಮಸ್ತು ॥